ಬಂದರಿಲ್ಲದ ಊರು, ಪೋರ್ಟಿಲ್ಲದ ಲ್ಯಾಪ್‌ಟಾಪು

ಮೊದಲೇ ಹೇಳಿಬಿಡ್ತೀವಿ, ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಈ ಬರಹಕ್ಕೆ ಕೂತಾಗ ‘ಪೋರ್ಟ್’ಗೆ ಕನ್ನಡದಲ್ಲಿ ಏನಂತಾರೆ ಅಂತ ಡಿಕ್ಷನರಿ ನೋಡಿದ್ವಿ. ‘ಬಂದರು’ ಅಂತ ಇತ್ತು. ನಕ್ಕಿದ್ದೇ ನಕ್ಕಿದ್ದು. ಕೃಷ್ಣಾ, ತುಂಗಭದ್ರಾ ಎರಡು ನದಿಗಳ ನಡುವೆ ಇದ್ದರೂ ರಾಯಚೂರಿಗೆ ಬಂದರಿಲ್ಲ. ಈಗ ನಮ್ಮ ಕೈಯಲ್ಲಿರೋ ತೆಳ್ಳನೆಯ ಲ್ಯಾಪ್‌ಟಾಪುಗಳಿಗೂ ಇಲ್ಲ. ನಗು ಮುಗಿದ ಮೇಲೆ ಅನಿಸಿತು, ಇದನ್ನ ಬರೀಲೇಬೇಕು. ಯಾಕಂದರೆ ಪ್ರತಿ ವರ್ಷ ಅಡ್ಮಿಷನ್ ಮುಗಿದ ಕೂಡಲೇ ಜೂನಿಯರ್ಸ್ ಕೇಳೋ ಮೊದಲ ಪ್ರಶ್ನೆ, ‘ಯಾವ ಲ್ಯಾಪ್‌ಟಾಪ್ ತಗೊಳ್ಳೋದು?’ ಸೀನಿಯರ್ಸ್ ಕೊಡೋ ಉತ್ತರ ಯಾವಾಗಲೂ ಒಂದು ಬ್ರ್ಯಾಂಡಿನ ಹೆಸರು. ನಮಗೂ ಹಾಗೇ ಆಯಿತು.

ನಾವು ಅಂದರೆ ಮೂವರು, ಒಂದೇ ಬ್ಯಾಚು, ಒಂದೇ ಪ್ರಾಜೆಕ್ಟ್ ಟೀಮು. ಒಬ್ಬಳದು ಗಿಲ್ಲೆಸುಗೂರು, ಒಬ್ಬನದು ಮಾನ್ವಿ, ಇನ್ನೊಬ್ಬನದು ದೇವದುರ್ಗ. ಕ್ಲಾಸಿನಲ್ಲಿ ನಮ್ಮನ್ನ ಹೆಸರಿಡಿದು ಕರೆಯೋರು ಕಮ್ಮಿ, ಊರಿನ ಹೆಸರೇ ಹೆಸರು. ಟೈಪ್ ಮಾಡ್ತಿರೋದು ಒಬ್ಬರೇ ಆದರೂ ಜಗಳ ಆಡಿದ್ದು ಮೂವರೂ, ಹಾಗಾಗಿ ‘ನಾವು’.

ಮೂವರ ಹತ್ತಿರ ಮೂರು ಥರದ ಲ್ಯಾಪ್‌ಟಾಪ್ ಇದೆ. ಗಿಲ್ಲೆಸುಗೂರಿನವಳದು 14 ಇಂಚಿನ ಅಲ್ಟ್ರಾ ಥಿನ್, 84,000 ರೂಪಾಯಿ. ಮಾನ್ವಿಯವನದು 15.6 ಇಂಚಿನ ಸಾದಾ ಲ್ಯಾಪ್‌ಟಾಪ್, 52,000. ದೇವದುರ್ಗದವನದು ಗೇಮಿಂಗ್, 70,000. ಮೂವರಲ್ಲಿ ಯಾರು ಸರಿಯಾದ್ದು ತಗೊಂಡರು ಅನ್ನೋ ಜಗಳ ಒಂದು ಸೆಮಿಸ್ಟರ್ ಪೂರ್ತಿ ನಡೀತು. ಅದರಲ್ಲಿ ನಾವು ಕಲಿತದ್ದನ್ನ ಇಲ್ಲಿ ಹೇಳ್ತೀವಿ.

ಅಪ್ಪ ಕೇಳಿದ ಪ್ರಶ್ನೆ

ಗಿಲ್ಲೆಸುಗೂರಿನ ಮನೆ ಪಡಸಾಲೆಯಲ್ಲಿ ಹೊಸ ಲ್ಯಾಪ್‌ಟಾಪಿನ ಡಬ್ಬಿ ಬಿಚ್ಚಿದ ದಿನ ನಾವು ಮೂವರೂ ಅಲ್ಲೇ ಇದ್ವಿ. ಅವರಮ್ಮ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದರು. ಅವರಪ್ಪ ಕೈ ಒರೆಸಿಕೊಂಡು ಎತ್ತಿ ನೋಡಿದರು. ‘ಎಷ್ಟ್ ಹಗೂರ ಐತವ್ವಾ! ಒಳಗ ಏನರ ಐತೋ ಇಲ್ಲೋ?’ ಎಲ್ಲರೂ ನಕ್ವಿ. ಆಮೇಲೆ ಅವರು ಅದನ್ನ ನಾಲ್ಕೂ ಕಡೆ ತಿರುಗಿಸಿ ನೋಡಿ ಕೇಳಿದರು, ‘ಪೆನ್‌ಡ್ರೈವ್ ಎಲ್ಲಿ ಚುಚ್ತಾರವ್ವಾ ಇದಕ?’

ಅವರಿಗೆ ಪೆನ್‌ಡ್ರೈವ್ ಗೊತ್ತು. ಟ್ರ್ಯಾಕ್ಟರಿನಲ್ಲಿ ಹಾಡು ಹಾಕೋದು ಅದರಿಂದಲೇ. ಮಗಳು ಹೇಳಿದಳು, ‘ಅಪ್ಪಾ, ಈಗೆಲ್ಲಾ ವೈರ್‌ಲೆಸ್.’ ಅವರು ಸುಮ್ಮನಾದರು. ಮಗಳು ಇಂಜಿನಿಯರಿಂಗ್ ಓದ್ತಾಳೆ, ಅವಳಿಗೆ ಗೊತ್ತಿರುತ್ತೆ ಅಂತ.

ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಆ ಲ್ಯಾಪ್‌ಟಾಪಿಗೆ ಇದ್ದದ್ದು ಎರಡು ಸಿ ಪೋರ್ಟು, ಒಂದು ಇಯರ್‌ಫೋನ್ ತೂತು. ಅಷ್ಟೇ. ಡಬ್ಬಿ ಬಿಚ್ಚಿದ ಎರಡು ನಿಮಿಷಕ್ಕೆ ಅಪ್ಪ ಕೇಳಿದ ಪ್ರಶ್ನೆಯನ್ನ ನಾವು ವಾರಗಟ್ಟಲೆ ರಿವ್ಯೂ ವಿಡಿಯೊ ನೋಡಿದರೂ ಕೇಳಿರಲಿಲ್ಲ.

ಮೂರನೇ ಸೆಮ್‌ನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ನಮ್ಮ ಪ್ರಾಜೆಕ್ಟ್ ಮಣ್ಣಿನ ತೇವಾಂಶ ಅಳೆಯೋದು, ಒಂದು ಆರ್ಡುಯಿನೊ ಬೋರ್ಡು, ಎರಡು ಸೆನ್ಸರು. ಡೆಮೊ ದಿನ ಕೋಡ್ ಎಲ್ಲ ಗಿಲ್ಲೆಸುಗೂರಿನವಳ ಲ್ಯಾಪ್‌ಟಾಪಿನಲ್ಲಿ. ಬೋರ್ಡಿನ ಕೇಬಲ್ ತುದಿ ಹಳೇ ಚೌಕದ ಯುಎಸ್‌ಬಿ. ಪ್ರೊಜೆಕ್ಟರ್ ಎಚ್‌ಡಿಎಂಐ. ಎರಡಕ್ಕೂ ಬೇಕಾದ ಹಬ್ ಮನೆಯಲ್ಲಿ. ಹಿಂದಿನ ರಾತ್ರಿ ಅಪ್ಪನ ಪೆನ್‌ಡ್ರೈವಿಗೆ ಹಾಡು ಕಾಪಿ ಮಾಡಿಕೊಟ್ಟು, ಹಬ್ಬನ್ನ ಅಲ್ಲೇ ಟೇಬಲ್ ಮೇಲೆ ಬಿಟ್ಟು ಬಂದಿದ್ದಳು.

ಮಾನ್ವಿಯವನ ಲ್ಯಾಪ್‌ಟಾಪಿಗೆ ಪಿಪಿಟಿ ವಾಟ್ಸಾಪ್ ಮಾಡಿದ್ವಿ. ಸ್ಲೈಡ್ ಬಂತು. ಬೋರ್ಡು ಬರಲಿಲ್ಲ. ನಮ್ಮದು ಅಗ್ಗದ ಬೋರ್ಡು, ಅದಕ್ಕೆ ಸಿಎಚ್340 ಡ್ರೈವರ್ ಬೇಕಿತ್ತು, ಅವನ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಡೌನ್‌ಲೋಡ್ ಆಗೋಷ್ಟರಲ್ಲಿ ಸರ್ ಮುಂದಿನ ಟೀಮನ್ನ ಕರೆದರು. ಅವರ ತಪ್ಪಿಲ್ಲ, ಇನ್ನೂ ಹದಿನಾಲ್ಕು ಟೀಮ್ ಕಾಯ್ತಾ ಇದ್ವು. ನಮ್ಮ ಸೆನ್ಸರ್ ಕೆಲಸ ಮಾಡುತ್ತೆ ಅಂತ ಬಾಯಲ್ಲಿ ಹೇಳಿ ಇಳಿದು ಬಂದ್ವಿ. ಬಾಯಲ್ಲಿ ಹೇಳಿದ್ದಕ್ಕೆ ಎಷ್ಟು ಮಾರ್ಕ್ಸ್ ಬರುತ್ತೋ ಅಷ್ಟೇ ಬಂತು.

ತೆಳ್ಳಗಾಗಿದ್ದು ಹೇಗೆ

ಲ್ಯಾಪ್‌ಟಾಪ್ ಇಷ್ಟು ತೆಳ್ಳಗಾಗಿದ್ದು ಒಂದೇ ದಿನದಲ್ಲಿ ಅಲ್ಲ. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಸ್ಟೇಜ್ ಮೇಲೆ ಆಫೀಸಿನ ಕಾಗದದ ಲಕೋಟೆಯಿಂದ ಮೊದಲ ಮ್ಯಾಕ್‌ಬುಕ್ ಏರ್ ಹೊರಗೆ ತೆಗೆದರು. ತೂಕ 1.36 ಕೇಜಿ. ಲಕೋಟೆಯಲ್ಲಿ ಹಿಡಿಸೋಕೆ ಡಿವಿಡಿ ಡ್ರೈವ್ ತೆಗೆದಿದ್ದರು, ಲ್ಯಾನ್ ಸಾಕೆಟ್ ತೆಗೆದಿದ್ದರು, ಯುಎಸ್‌ಬಿ ಒಂದೇ ಒಂದು ಉಳಿಸಿದ್ದರು. 2011ರಲ್ಲಿ ಇಂಟೆಲ್ ಕಂಪನಿ ‘ಅಲ್ಟ್ರಾಬುಕ್’ ಅನ್ನೋ ಹೆಸರು ಹುಟ್ಟುಹಾಕಿದ ಮೇಲೆ ವಿಂಡೋಸ್ ಕಂಪನಿಗಳೆಲ್ಲ ಅದೇ ದಾರಿ ಹಿಡಿದವು. 2015ರಲ್ಲಿ ಆಪಲ್ ಇನ್ನೂ ಮುಂದೆ ಹೋಗಿ 920 ಗ್ರಾಂ ತೂಕದ ಮ್ಯಾಕ್‌ಬುಕ್ ತಂತು. ಅದಕ್ಕೆ ಇದ್ದದ್ದು ಒಂದೇ ಸಿ ಪೋರ್ಟು. ಚಾರ್ಜ್ ಹಾಕಿದರೆ ಬೇರೆ ಏನೂ ಚುಚ್ಚೋ ಹಾಗಿಲ್ಲ. ನಾಲ್ಕು ವರ್ಷಕ್ಕೆ, 2019ರಲ್ಲಿ, ಅದು ನಿಂತುಹೋಯಿತು.

ಇದರ ಮುಂದಿನ ಕಥೆ ಅಂಗಡಿಯವರು ಹೇಳಲ್ಲ. 2016ರಲ್ಲಿ ಮ್ಯಾಕ್‌ಬುಕ್ ಪ್ರೊದಿಂದ ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ತೂತು ಎಲ್ಲ ತೆಗೆದು ಬರೀ ಸಿ ಪೋರ್ಟ್ ಕೊಟ್ಟಿದ್ದ ಅದೇ ಕಂಪನಿ, 2021ರಲ್ಲಿ ಎರಡನ್ನೂ ವಾಪಸ್ ತಂತು. ಲಕ್ಷಗಟ್ಟಲೆ ಕೊಟ್ಟು ತಗೊಳ್ಳೋರಿಗೇ ಪೋರ್ಟ್ ಬೇಕು ಅಂತಾದರೆ, ಎಂಟು ಸೆಮಿಸ್ಟರ್ ಲ್ಯಾಬ್ ಮಾಡೋ ನಮಗೆ ಬೇಡವಾ?

ಪೋರ್ಟ್ ತೆಗೆಯೋದಕ್ಕೆ ಕಾರಣ ಸರಳ. ಹಳೇ ಯುಎಸ್‌ಬಿಯ ತುದಿ ಸುಮಾರು 4.5 ಮಿಲಿಮೀಟರ್ ದಪ್ಪ, ಎಚ್‌ಡಿಎಂಐ ಹೆಚ್ಚುಕಮ್ಮಿ ಅಷ್ಟೇ. ಲ್ಯಾನ್ ಸಾಕೆಟಿಗೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಎತ್ತರ ಬೇಕು. ಸಿ ಪೋರ್ಟಿಗೆ 2.6 ಮಿಲಿಮೀಟರ್ ಸಾಕು. ಮುಚ್ಚಿದಾಗ 11-12 ಮಿಲಿಮೀಟರ್ ಇರೋ ಲ್ಯಾಪ್‌ಟಾಪಿನಲ್ಲಿ ಸ್ಕ್ರೀನಿನ ದಪ್ಪ ಕಳೆದು, ಕೀಬೋರ್ಡು, ಬ್ಯಾಟರಿ ಕೂರಿಸಿದ ಮೇಲೆ ದಪ್ಪ ಪೋರ್ಟಿಗೆ ಜಾಗ ಎಲ್ಲಿ ಬರುತ್ತೆ? ತೆಳು ಮಾಡೋದು ಅಂದರೆ ಒಳಗಿಂದ ಏನನ್ನೋ ತೆಗೆಯೋದು. ತೆಗೆದಿದ್ದು ಮಾಯ ಆಗಲ್ಲ. ಹಬ್ ಆಗಿ ನಮ್ಮ ಬ್ಯಾಗಿಗೆ ಬರುತ್ತೆ, ಇಲ್ಲ ಖರ್ಚಾಗಿ ಮನೆಯವರ ಲೆಕ್ಕಕ್ಕೆ ಬರುತ್ತೆ. ನಮ್ಮ ಇಡೀ ವಾದ ಇಷ್ಟೇ.

ಎಲ್ಲ ತೆಳು ಲ್ಯಾಪ್‌ಟಾಪೂ ಹೀಗೇ ಅಂತ ನಾವು ಹೇಳ್ತಿಲ್ಲ. ಎಲ್‌ಜಿ ಗ್ರಾಮ್, ಏಸಸ್ ಝೆನ್‌ಬುಕ್ 14ರಂಥವು 1ರಿಂದ 1.3 ಕೇಜಿ ಒಳಗೇ ಎಚ್‌ಡಿಎಂಐ, ಹಳೇ ಯುಎಸ್‌ಬಿ ಎರಡನ್ನೂ ಉಳಿಸಿಕೊಂಡಿವೆ. ಒಂದೇ ಬೆಲೆಗೆ, ಒಂದೇ ತೂಕಕ್ಕೆ ಪೋರ್ಟ್ ಇರೋದೂ ಸಿಗುತ್ತೆ, ಇಲ್ಲದ್ದೂ ಸಿಗುತ್ತೆ. ನೋಡಿ ತಗೋಬೇಕು, ಅಷ್ಟೇ.

ಸಿ ಅಂದರೆ ಎಲ್ಲವೂ ಸಿ ಅಲ್ಲ

2014ರಲ್ಲಿ ಬಂದ ಸಿ ಪೋರ್ಟ್ ನಿಜಕ್ಕೂ ಒಳ್ಳೇದು. ಉಲ್ಟಾ ಸೀದಾ ಹೇಗೆ ಚುಚ್ಚಿದರೂ ಹೋಗುತ್ತೆ. ಫೋನು, ಲ್ಯಾಪ್‌ಟಾಪು ಎರಡಕ್ಕೂ ಒಂದೇ ಚಾರ್ಜರ್ ನಡೆಯುತ್ತೆ. ಆದರೆ ‘ಸಿ’ ಅನ್ನೋದು ತೂತಿನ ಆಕಾರದ ಹೆಸರು, ಅದರ ಒಳಗೆ ಏನು ಹರಿಯುತ್ತೆ ಅನ್ನೋದು ಬೇರೆ ಮಾತು. ಒಂದು ಲ್ಯಾಪ್‌ಟಾಪಿನ ಸಿ ಪೋರ್ಟ್ 480 ಎಂಬಿಪಿಎಸ್ ಡೇಟಾ ಮಾತ್ರ ಕೊಡಬಹುದು. ಇನ್ನೊಂದರದು 40 ಜಿಬಿಪಿಎಸ್ ಡೇಟಾ, ಚಾರ್ಜಿಂಗ್, ಎರಡು ಮಾನಿಟರ್ ಎಲ್ಲ ಒಟ್ಟಿಗೆ ಕೊಡಬಹುದು. ಹೊರಗಿಂದ ನೋಡಿದರೆ ಎರಡೂ ಒಂದೇ.

ಇದು ಗೊತ್ತಾಗಿದ್ದು ಮಾನ್ವಿಯವನಿಂದ. ಡೆಮೊ ಕಥೆ ಆದಮೇಲೆ ಅವನ ಲ್ಯಾಪ್‌ಟಾಪಿನ ಸಿ ಪೋರ್ಟಿಗೆ ಗಿಲ್ಲೆಸುಗೂರಿನವಳ ಹಬ್ ಹಾಕಿ ಪ್ರೊಜೆಕ್ಟರಿಗೆ ಕೊಟ್ಟು ನೋಡಿದ್ವಿ. ಸ್ಕ್ರೀನ್ ಬರಲಿಲ್ಲ. ಹಬ್ ಕೆಟ್ಟಿದೆ ಅಂದುಕೊಂಡ್ವಿ. ಹಬ್ ಸರಿ ಇತ್ತು, ಅವನ ಸಿ ಪೋರ್ಟಿಗೆ ಡಿಸ್‌ಪ್ಲೇ ಕಳಿಸೋ ಶಕ್ತಿನೇ ಇರಲಿಲ್ಲ. ಪುಣ್ಯಕ್ಕೆ ಅವನಿಗೆ ಬೇರೆ ಎಚ್‌ಡಿಎಂಐ ಇದೆ. ಹಬ್ ನಂಬಿಕೊಂಡು ಬರೀ ಡೇಟಾ ಕೊಡೋ ಸಿ ಪೋರ್ಟಿನ ಅಗ್ಗದ ತೆಳು ಲ್ಯಾಪ್‌ಟಾಪ್ ತಗೊಂಡವರ ಗತಿ ಏನು?

ಹಾಗಾಗಿ ಅಂಗಡಿಗೆ ಹೋದರೆ ‘ಸಿ ಪೋರ್ಟ್ ಇದೆಯಾ’ ಅಂತ ಕೇಳಬೇಡಿ. ಇದರಲ್ಲಿ ಚಾರ್ಜ್ ಆಗುತ್ತಾ, ಡಿಸ್‌ಪ್ಲೇ ಬರುತ್ತಾ, ಸ್ಪೀಡ್ ಎಷ್ಟು ಅಂತ ಮೂರು ಪ್ರಶ್ನೆ ಕೇಳಿ. ಪೋರ್ಟಿನ ಪಕ್ಕದಲ್ಲಿ ಮಿಂಚಿನ ಚಿಹ್ನೆ ಇದ್ದರೆ ಸಾಮಾನ್ಯವಾಗಿ ಥಂಡರ್‌ಬೋಲ್ಟ್, ‘ಡಿ’ ಮತ್ತು ‘ಪಿ’ ಸೇರಿಸಿದ ಗುರುತು ಇದ್ದರೆ ಡಿಸ್‌ಪ್ಲೇ ಬರುತ್ತೆ. ಏನೂ ಗುರುತಿಲ್ಲದಿದ್ದರೆ ಕಂಪನಿಯ ಸ್ಪೆಕ್ ಶೀಟ್ ಪೂರ್ತಿ ಓದಿ. ಇನ್ನೂ ಒಳ್ಳೇದು, ನಿಮ್ಮದೇ ಪೆನ್‌ಡ್ರೈವು, ಒಂದು ಎಚ್‌ಡಿಎಂಐ ಕೇಬಲ್ಲು ಜೇಬಲ್ಲಿ ಇಟ್ಟುಕೊಂಡು ಹೋಗಿ ಚುಚ್ಚಿ ನೋಡಿ. ರಾಯಚೂರಿನ ಅಂಗಡಿ ಆಗಲಿ, ಸಿಕಂದರಾಬಾದಿನ ಪಾರ್ಕ್ ಲೇನ್ ಆಗಲಿ, ಬೆಂಗಳೂರಿನ ಎಸ್‌ಪಿ ರೋಡ್ ಆಗಲಿ, ದುಡ್ಡು ಕೊಡೋಕೆ ಮುಂಚೆ ಕೇಳಿದರೆ ಯಾರೂ ಬೇಡ ಅನ್ನಲ್ಲ.

ಯಾವ ಪೋರ್ಟ್ ಬೇಕು ಅನ್ನೋದು ನಿಮ್ಮ ಬ್ರಾಂಚಿನ ಮೇಲೆ ಹೋಗುತ್ತೆ. ಇಸಿಯವರಿಗೆ ಆರ್ಡುಯಿನೊ, ಎಫ್‌ಪಿಜಿಎ ಬೋರ್ಡು ಎಲ್ಲದಕ್ಕೂ ಹಳೇ ಯುಎಸ್‌ಬಿ ಬೇಕು, ಒಂದು ಸಾಲಲ್ಲ, ಎರಡು. ಸಿಎಸ್‌ನವರು ಒಂದು ಸಿ, ಒಂದು ಹಳೇ ಯುಎಸ್‌ಬಿಯಲ್ಲಿ ಆರಾಮಾಗಿ ನಾಲ್ಕು ವರ್ಷ ಕಳೀಬಹುದು, ಅವರಿಗೆ ಪೋರ್ಟಿಗಿಂತ ರ‍್ಯಾಮ್ ಮುಖ್ಯ. ಮೆಕ್ಯಾನಿಕಲ್‌ನವರು ಸಾಲಿಡ್‌ವರ್ಕ್ಸ್ ಓಡಿಸೋರು, ಅದು ವಿಂಡೋಸಿಗೆ ಮಾಡಿದ್ದು, ಮ್ಯಾಕಿನಲ್ಲಿ ನೇರವಾಗಿ ನಡೆಯಲ್ಲ. ಇನ್ನು ಎಲ್ಲ ಬ್ರಾಂಚಿಗೂ ಇರೋದು ಎರಡು ಜಾಗ: ಸೆಮಿನಾರ್ ಹಾಲು, ಜೆರಾಕ್ಸ್ ಅಂಗಡಿ. ಒಂದು ಎಚ್‌ಡಿಎಂಐ ಕೇಳುತ್ತೆ, ಇನ್ನೊಂದು ಪೆನ್‌ಡ್ರೈವ್ ಕೇಳುತ್ತೆ. ರೆಕಾರ್ಡ್ ಸಬ್ಮಿಷನ್ ಹಿಂದಿನ ಸಂಜೆ ಜೆರಾಕ್ಸ್ ಅಂಗಡಿಯಲ್ಲಿ ನಿಂತವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಕಿರಾಣಿ ಅಂಗಡಿಯ ಕಾಟಾ

ಈಗ ತೂಕಕ್ಕೆ ಬರೋಣ. ಇಲ್ಲೇ ಜಗಳ ಜೋರಾಗಿದ್ದು. ಗಿಲ್ಲೆಸುಗೂರಿನವಳು ದಿನಾ ಬಸ್ಸಿನಲ್ಲಿ ಬರ್ತಾಳೆ. ಮಂತ್ರಾಲಯದ ಕಡೆಯಿಂದ ಬರೋ ಬಸ್ಸು ಗಿಲ್ಲೆಸುಗೂರಿಗೆ ಬರೋ ಹೊತ್ತಿಗೇ ತುಂಬಿರುತ್ತೆ, ಯರಗೇರಾ ದಾಟೋಷ್ಟರಲ್ಲಿ ಕಾಲಿಡೋಕೆ ಜಾಗ ಇರಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವಳ ಮನೆಗೆ ಟಿಕೆಟ್ ಹಣ ಉಳೀತು, ಅದು ದೊಡ್ಡ ವಿಷಯ. ರಶ್ಶೂ ಹೆಚ್ಚಾಯಿತು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಎದೆಗೆ ಒತ್ತಿಕೊಂಡ ಬ್ಯಾಗು. ‘ಹಾಸ್ಟೆಲ್‌ನಾಗ ಇದ್ದು ತೂಕದ ಬಗ್ಗೆ ಮಾತಾಡಬ್ಯಾಡ್ರಿ’ ಅಂತ ಅವಳು ಬೈದಾಗ ನಾವಿಬ್ಬರೂ ಸುಮ್ಮನಾದ್ವಿ.

ಬಾಯಿ ಮಾತು ಬೇಡ ಅಂತ ಒಂದು ಭಾನುವಾರ ಗಿಲ್ಲೆಸುಗೂರಿಗೆ ಹೋಗಿ, ಅವಳ ಮಾವನ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾ ಮೇಲೆ ಎಲ್ಲವನ್ನೂ ಇಟ್ಟು ತೂಗಿದ್ವಿ. ಬೇಳೆ ತಗೊಳ್ಳೋಕೆ ಬಂದಿದ್ದ ಅಜ್ಜ ಒಬ್ಬರು, ‘ಇದು ಕೇಜಿಗೆ ಎಷ್ಟಪಾ?’ ಅಂತ ಕೇಳಿದರು. ನಗಬೇಡಿ, ಕೊನೆಗೆ ನಾವು ಅದೇ ಲೆಕ್ಕ ಹಾಕಿದ್ವಿ.

ಅವಳ ಲ್ಯಾಪ್‌ಟಾಪ್ 1.24 ಕೇಜಿ. ಚಾರ್ಜರ್ 280 ಗ್ರಾಂ, ಹಬ್ 90, ಮೌಸ್ 80. ಒಟ್ಟು 1.69 ಕೇಜಿ. ಮಾನ್ವಿಯವನ ಲ್ಯಾಪ್‌ಟಾಪ್ 1.63 ಕೇಜಿ, ಚಾರ್ಜರ್ 340 ಗ್ರಾಂ, ಮೌಸ್ 80. ಹಬ್ ಬೇಡ. ಒಟ್ಟು 2.05 ಕೇಜಿ. ವ್ಯತ್ಯಾಸ 360 ಗ್ರಾಂ. ಆಮೇಲೆ ಬ್ಯಾಗಿನ ಉಳಿದ ಸಾಮಾನು ಇಟ್ವಿ. ಎರಡು ಲೀಟರ್ ನೀರಿನ ಬಾಟಲಿ 2.15 ಕೇಜಿ, ಟಿಫಿನ್ ಡಬ್ಬಿ 650 ಗ್ರಾಂ, ಪುಸ್ತಕ, ರೆಕಾರ್ಡು ಸೇರಿ 2.4 ಕೇಜಿ. ಅಂದರೆ ಅವಳ ಲ್ಯಾಪ್‌ಟಾಪ್ ಇದ್ದರೆ ಬ್ಯಾಗು 6.89 ಕೇಜಿ, ಅವನದಿದ್ದರೆ 7.25. ನೂರಕ್ಕೆ ಐದು ಭಾಗ ಕಮ್ಮಿ.

ಬೆಲೆಯ ವ್ಯತ್ಯಾಸ 32,000 ರೂಪಾಯಿ. 360 ಗ್ರಾಂಗೆ ಭಾಗಿಸಿದರೆ ಗ್ರಾಂಗೆ 88 ರೂಪಾಯಿ ಚಿಲ್ಲರೆ. ಹಟ್ಟಿ ಚಿನ್ನದ ಗಣಿ ಇರೋ ಜಿಲ್ಲೆಯವರು ನಾವು, ಗ್ರಾಂ ಲೆಕ್ಕ ನಮಗೆ ಹೊಸದಲ್ಲ. ಆದರೆ ಇಲ್ಲಿ ನಾವು ದುಡ್ಡು ಕೊಟ್ಟಿದ್ದು ಗ್ರಾಂ ಕಮ್ಮಿ ಮಾಡೋಕೆ!

ಮಾನ್ವಿಯವನು ಗೆದ್ದೆ ಅಂತ ಕುಣಿದ. ಗಿಲ್ಲೆಸುಗೂರಿನವಳು ಬಿಡಲಿಲ್ಲ. ಬೇಸಿಗೆ ಬಿಟ್ಟರೆ ಎರಡು ಲೀಟರ್ ನೀರು ಯಾರು ಹೊರ್ತಾರೆ, ರೆಕಾರ್ಡ್ ಇರೋದು ವಾರಕ್ಕೆ ಎರಡೇ ದಿನ, ಆದರೆ ಲ್ಯಾಪ್‌ಟಾಪ್ ದಿನಾ, ಹೋಗ್ತಾ ಬರ್ತಾ ಎರಡು ಸಲ. 14 ಇಂಚಿನದು ಸಣ್ಣ ಬ್ಯಾಗಲ್ಲಿ ಕೂರುತ್ತೆ, ರಶ್ಶಲ್ಲಿ ಯಾರ ಮೈಗೂ ತಾಗಲ್ಲ. ಸೀಟು ಸಿಕ್ಕರೆ ತೊಡೆ ಮೇಲಿಟ್ಟು ತೆರೆಯಬಹುದು. ಇದನ್ನ ನಾವಿಬ್ಬರೂ ಒಪ್ಪಿದ್ವಿ. ಅವಳಿಗೆ ಹಗುರ ಬೇಕೇ ಬೇಕಿತ್ತು. ಅವಳು ಮಾಡಿದ ತಪ್ಪು ಹಗುರದ್ದು ತಗೊಂಡಿದ್ದಲ್ಲ. ಅಷ್ಟೇ ಹಗುರ ಇದ್ದು ಪೋರ್ಟೂ ಇರೋದನ್ನ ಹುಡುಕದೇ ಇದ್ದದ್ದು.

ತೂಕದ ಇನ್ನೊಂದು ತುದಿ ದೇವದುರ್ಗದವನು. ಅವನ ಗೇಮಿಂಗ್ ಲ್ಯಾಪ್‌ಟಾಪ್ 2.4 ಕೇಜಿ, ಚಾರ್ಜರ್ ಇಟ್ಟಿಗೆ ಥರ 700 ಗ್ರಾಂ. ಎಲ್ಲ ಪೋರ್ಟೂ ಇದೆ, ಲ್ಯಾನ್ ಸಾಕೆಟ್ ಸಮೇತ. ಮೊದಲ ಎರಡು ವಾರ ಕಾಲೇಜಿಗೆ ತಂದ. ಆಮೇಲೆ ಅದು ರೂಮಿನ ಟೇಬಲ್ ಬಿಟ್ಟು ಕದಲಿಲ್ಲ. ಡೆಮೊ ದಿನವೂ ರೂಮಲ್ಲೇ ಇತ್ತು, ಅದು ಬಂದಿದ್ದರೆ ನಮ್ಮ ಮಾರ್ಕ್ಸ್ ಉಳೀತಿತ್ತು. ‘ಇಷ್ಟಕ್ಕೆ ಡೆಸ್ಕ್‌ಟಾಪ್ ತಗೊಂಡಿದ್ದರೆ ಕಮ್ಮಿಯಲ್ಲೇ ಆಗ್ತಿತ್ತು’ ಅಂತ ಈಗ ಅವನೇ ಹೇಳ್ತಾನೆ. ಪೋರ್ಟ್ ಎಷ್ಟಿದ್ದರೇನು, ಲ್ಯಾಪ್‌ಟಾಪ್ ಜೊತೆಗಿಲ್ಲ ಅಂದ ಮೇಲೆ?

ಬಿಸಿಲು ಮತ್ತು ಕರೆಂಟು

ರಿವ್ಯೂ ಮಾಡೋರು ಎಸಿ ರೂಮಲ್ಲಿ ಕೂತು ಮಾತಾಡ್ತಾರೆ. ನಮ್ಮ ಕಡೆ ಮಾರ್ಚಿನಿಂದ ಜೂನಿನ ತನಕ ಏನಾಗುತ್ತೆ ಅನ್ನೋದು ಅವರಿಗೆ ಗೊತ್ತಿಲ್ಲ. ಬಹಳಷ್ಟು ಲ್ಯಾಪ್‌ಟಾಪುಗಳ ಕೈಪಿಡಿಯಲ್ಲಿ ಬಳಸಬೇಕಾದ ತಾಪಮಾನ 35 ಡಿಗ್ರಿ ತನಕ ಅಂತ ಬರೆದಿರುತ್ತೆ. ಮ್ಯಾಕ್‌ಬುಕ್ಕಿನದು 10ರಿಂದ 35. ರಾಯಚೂರಿನ ಬೇಸಿಗೆ 40 ದಾಟುತ್ತೆ. ತೆಳ್ಳಗೆ ಮಾಡೋಕೆ ಕೆಲವರು ಫ್ಯಾನನ್ನೇ ತೆಗೆದಿದ್ದಾರೆ, 2020ರ ಕೊನೆಯಿಂದ ಬರ್ತಿರೋ ಮ್ಯಾಕ್‌ಬುಕ್ ಏರ್‌ಗಳಲ್ಲಿ ಫ್ಯಾನ್ ಇಲ್ಲ. ಫ್ಯಾನ್ ಇಲ್ಲದಿದ್ದರೆ ಸದ್ದಿಲ್ಲ, ಧೂಳು ಒಳಗೆ ಹೋಗಲ್ಲ, ಹತ್ತಿ ಹೊಲದ ಊರಲ್ಲಿ ಅದೂ ಲಾಭವೇ. ಆದರೆ ಬಿಸಿಯಾದ ಪ್ರೊಸೆಸರ್ ತನ್ನ ಸ್ಪೀಡನ್ನ ತಾನೇ ಇಳಿಸಿಕೊಳ್ಳುತ್ತೆ. ಪಿಪಿಟಿ, ಕೋಡಿಂಗ್‌ಗೆ ಗೊತ್ತಾಗಲ್ಲ. ಒಂದು ಗಂಟೆ ಸಿಮ್ಯುಲೇಷನ್ ಓಡಿಸಿದರೆ ಗೊತ್ತಾಗುತ್ತೆ.

ಬಿಸಿಗೆ ಬ್ಯಾಟರಿಯೂ ಬೇಗ ಮುಪ್ಪಾಗುತ್ತೆ. ರಶ್ ಇದ್ದಾಗ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಬ್ಯಾಗ್ ಇಡೋ ಅಭ್ಯಾಸ ನಮ್ಮಲ್ಲಿ ಎಷ್ಟೋ ಜನಕ್ಕೆ ಇದೆ. ಅದರ ಕೆಳಗೆ ಇಂಜಿನ್ ಇದೆ. ದಯವಿಟ್ಟು ಬಿಡಿ.

ಕರೆಂಟ್ ವಿಷಯ ಹೇಳಿದರೆ ನಗು ಬರುತ್ತೆ. ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಥರ್ಮಲ್ ಸ್ಟೇಷನ್ ಇದೆ. ಹಳ್ಳಿ ಮನೆಯಲ್ಲಿ ಇಂಟರ್ನಲ್ಸ್ ಹಿಂದಿನ ರಾತ್ರಿ ಕರೆಂಟ್ ಹೋಗೋದು ತಪ್ಪಿಲ್ಲ. ಅದಕ್ಕೆ ‘18 ಗಂಟೆ ಬ್ಯಾಟರಿ’ ಅನ್ನೋ ಜಾಹೀರಾತು ಬಿಟ್ಟು ವ್ಯಾಟ್ ಅವರ್ ನೋಡಿ. 50 ವ್ಯಾಟ್ ಅವರ್ ಬ್ಯಾಟರಿ ಇದೆ ಅಂದುಕೊಳ್ಳಿ. ಪಿಡಿಎಫ್ ಓದೋವಾಗ 8 ವ್ಯಾಟ್ ಎಳೆದರೆ ಆರು ಗಂಟೆ, ಸಿಮ್ಯುಲೇಷನ್‌ಗೆ 25 ವ್ಯಾಟ್ ಎಳೆದರೆ ಎರಡೇ ಗಂಟೆ. ಮೊದಲ ವರ್ಷದ ಭಾಗಾಕಾರ ಸಾಕು. ಇಲ್ಲಿ ಮಾತ್ರ ತೆಳು ಲ್ಯಾಪ್‌ಟಾಪಿಗೆ ಪೂರ್ತಿ ಮಾರ್ಕ್ಸ್ ಕೊಡ್ತೀವಿ. ಕಮ್ಮಿ ವಿದ್ಯುತ್ ಎಳೆಯುತ್ತೆ, ಸಿ ಪೋರ್ಟಿನಿಂದ ಚಾರ್ಜ್ ಆಗುತ್ತೆ, ಚಾರ್ಜರ್ ಮರೆತರೆ ಪಕ್ಕದವರ 65 ವ್ಯಾಟಿನ ಚಾರ್ಜರ್ ಕೇಳಿದರಾಯಿತು. ದೇವದುರ್ಗದವನ ಇಟ್ಟಿಗೆ ಯಾರಿಗೂ ಆಗಲ್ಲ.

ಬೆಲೆಯನ್ನ ಭತ್ತದ ಚೀಲದಲ್ಲಿ ಎಣಿಸಿದರೆ

ರಾಯಚೂರು, ಮಾನ್ವಿ ತಾಲ್ಲೂಕು ಅಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನೀರು ಬಂದರೆ ಬೆಳೆ, ಇಲ್ಲದಿದ್ದರೆ ಕಾಯೋದು. 2025-26ರ ಮುಂಗಾರಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ನಮ್ಮ ಕಡೆ ಭತ್ತದ ವ್ಯಾಪಾರ 75 ಕೇಜಿ ಚೀಲದ ಲೆಕ್ಕ. ಆ 32,000 ರೂಪಾಯಿ ವ್ಯತ್ಯಾಸ ಅಂದರೆ ಹದಿಮೂರೂವರೆ ಕ್ವಿಂಟಲ್, ಹೆಚ್ಚುಕಮ್ಮಿ 18 ಚೀಲ ಭತ್ತ. ಅದೂ ಬೆಂಬಲ ಬೆಲೆ ಸಿಕ್ಕರೆ. ಗೊಬ್ಬರ, ಕೂಲಿ, ಕಟಾವು ಮಶೀನಿನ ಬಾಡಿಗೆ ಕಳೆದ ಮೇಲೆ ಉಳಿಯೋ ಹಣದಲ್ಲಿ ಎಣಿಸಿದರೆ ಇನ್ನೂ ಎಷ್ಟೋ ಚೀಲ ಜಾಸ್ತಿ.

ಈ ಲೆಕ್ಕವನ್ನ ಮೊದಲ ಸಲ ಮಾಡಿದಾಗ ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗಿಲ್ಲೆಸುಗೂರಿನವಳು ಅಂತೂ ಆ ದಿನ ಪೂರ್ತಿ ಸುಮ್ಮನಿದ್ದಳು.

ಡಬ್ಬಿ ಮೇಲಿನ ಬೆಲೆ ಪೂರ್ತಿ ಬೆಲೆ ಅಲ್ಲ. ಹಬ್ಬಿಗೆ ಅವಳು 2,200 ಕೊಟ್ಟಳು, ಇನ್ನೊಂದು ಸಣ್ಣ ಅಡಾಪ್ಟರಿಗೆ 250. ಅಗ್ಗದ ಹಬ್ ಮೊದಲು ತಗೊಂಡು ಎರಡೇ ತಿಂಗಳಿಗೆ ಕೆಟ್ಟಿದ್ದರ ಲೆಕ್ಕ ಬೇರೆ. ತೆಳು ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ರ‍್ಯಾಮನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಮೊದಲು 8 ಜಿಬಿ ತಗೊಂಡು ಮೂರನೇ ವರ್ಷದಲ್ಲಿ ಹೆಚ್ಚಿಸೋಣ ಅನ್ನೋ ಹಾಗಿಲ್ಲ. ನಾಲ್ಕು ವರ್ಷಕ್ಕೆ ಬೇಕಾದ ದುಡ್ಡನ್ನ ಮೊದಲ ದಿನವೇ ಕೊಡಬೇಕು. ಮಾನ್ವಿಯವನದರಲ್ಲಿ ಒಂದು ಖಾಲಿ ಸ್ಲಾಟ್ ಇದೆ, ದುಡ್ಡು ಆದಾಗ ಹಾಕಿಸ್ತಾನೆ. ಇನ್ನು 18 ಪರ್ಸೆಂಟ್ ಜಿಎಸ್‌ಟಿ ಬೆಲೆಯ ಒಳಗೇ ಇರುತ್ತೆ, 84,000ದಲ್ಲಿ ಸುಮಾರು 12,800 ಅದೇ. ಅದನ್ನ ಉಳಿಸಿಕೊಡ್ತೀವಿ, ಬಿಲ್ ಬೇಡ ಅಂತ ಯಾರಾದರೂ ಹೇಳಿದರೆ ಮರುಳಾಗಬೇಡಿ. ನಾಳೆ ವಾರಂಟಿಗೆ ಹೋದರೆ ಕೇಳೋದು ಅದೇ ಬಿಲ್ಲು.

ಓದೋಕೆ ಬರೋದು ನಮಗೊಬ್ಬರಿಗೇ

ಇಷ್ಟೆಲ್ಲ ಬರೆದಿದ್ದು ಒಂದು ಮಾತು ಹೇಳೋಕೆ. ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಸ್ಪೆಕ್ ಶೀಟ್ ಓದೋಕೆ ಬರೋದು ನಮಗೊಬ್ಬರಿಗೇ. ಅದು ಇಂಗ್ಲಿಷಿನಲ್ಲಿ ಇರುತ್ತೆ, ನಮಗೆ ಇಂಗ್ಲಿಷ್ ಬರಲಿ ಅಂತಲೇ ಫೀಸ್ ಕಟ್ಟಿ ಓದಿಸಿದ್ದಾರೆ. ಅಂಗಡಿಯಲ್ಲಿ ಅಪ್ಪ ಮಾಡೋದು ನಮ್ಮ ಮುಖ ನೋಡೋದು, ನಾವು ತಲೆ ಆಡಿಸಿದರೆ ದುಡ್ಡು ಎಣಿಸೋದು. ಆ ತಲೆ ಆಡಿಸೋದರಲ್ಲಿ 18 ಚೀಲ ಇದೆ. ನಾವು ಆಡಿಸಿದ್ದು ತೆಳ್ಳಗಿದೆ, ಚೆನ್ನಾಗಿ ಕಾಣುತ್ತೆ, ಕ್ಲಾಸಿನಲ್ಲಿ ಇಬ್ಬರ ಹತ್ತಿರ ಇದೆ ಅಂತ. ಅಪ್ಪ ಕನ್ನಡದಲ್ಲಿ ಸರಿಯಾದ ಪ್ರಶ್ನೆ ಕೇಳಿದಾಗ ಒಂದು ಇಂಗ್ಲಿಷ್ ಪದ ಹೇಳಿ ಬಾಯಿ ಮುಚ್ಚಿಸಿದ್ವಿ.

ಜೂನಿಯರ್ಸ್‌ಗೆ ನಮ್ಮ ಸಲಹೆ ಹೀಗಿದೆ. ಮೊದಲು ನಿಮ್ಮ ಬ್ರಾಂಚಿನ ಸೀನಿಯರ್ ಹತ್ತಿರ ಹೋಗಿ, ಯಾವ ಬ್ರ್ಯಾಂಡ್ ಅಂತ ಕೇಳಬೇಡಿ, ವಾರದಲ್ಲಿ ಏನೇನು ಚುಚ್ತೀರಿ ಅಂತ ಕೇಳಿ. ಆಮೇಲೆ ಲ್ಯಾಪ್‌ಟಾಪಿನ ತೂಕ ಬಿಟ್ಟು ಚಾರ್ಜರು, ಹಬ್ಬು ಸೇರಿಸಿ ಬ್ಯಾಗಿನ ತೂಕ ನೋಡಿ. ಹಾಸ್ಟೆಲ್ಲಿನವರಿಗೆ ಅರ್ಧ ಕೇಜಿ ದೊಡ್ಡದಲ್ಲ, ಬಸ್ಸಲ್ಲಿ ನಿಂತು ಬರೋರಿಗೆ ದೊಡ್ಡದೇ. ಕೊನೆಗೆ ಎಲ್ಲ ಕೂಡಿಸಿ ಪೂರ್ತಿ ಬಿಲ್ ಮಾಡಿ, ಅದನ್ನ ಮನೆಯವರಿಗೆ ಅವರ ಲೆಕ್ಕದಲ್ಲಿ ಹೇಳಿ. ಭತ್ತ ಆದರೆ ಭತ್ತ, ಹತ್ತಿ ಆದರೆ ಹತ್ತಿ, ಸಂಬಳ ಆದರೆ ಎಷ್ಟು ತಿಂಗಳ ಸಂಬಳ. ಆಮೇಲೂ ತೆಳ್ಳನೆಯದೇ ಬೇಕು ಅನಿಸಿದರೆ ಧೈರ್ಯವಾಗಿ ತಗೊಳ್ಳಿ.

ಕಾಲೇಜಿಗೂ ಒಂದು ಬೇಡಿಕೆ. ಪ್ರತಿ ಸೆಮಿನಾರ್ ಹಾಲಿನ ಪೋಡಿಯಂನಲ್ಲಿ ಒಂದು ಒಳ್ಳೆ ಹಬ್ ಇಡಿ. ಬ್ಯಾಂಕಿನಲ್ಲಿ ಪೆನ್ನಿಗೆ ದಾರ ಕಟ್ಟಿರ್ತಾರಲ್ಲ, ಹಾಗೆ ಕಟ್ಟಿಬಿಡಿ. ಒಂದು ಹಾಲಿಗೆ ಎರಡು-ಮೂರು ಸಾವಿರ ಖರ್ಚು. ಅಷ್ಟರಲ್ಲಿ ಎಷ್ಟೋ ಟೀಮುಗಳ ಡೆಮೊ ಉಳಿಯುತ್ತೆ. ಲ್ಯಾಬಿನ ಡೆಸ್ಕ್‌ಟಾಪುಗಳಲ್ಲಿ ಸಿಎಚ್340 ಡ್ರೈವರ್ ಹಾಕಿಟ್ಟರೆ ಇನ್ನೂ ಒಳ್ಳೇದು, ಅದಕ್ಕೆ ಒಂದು ರೂಪಾಯಿಯೂ ಬೇಡ.

ಗಿಲ್ಲೆಸುಗೂರಿನವಳು ಈಗ ಎರಡು ಅಡಾಪ್ಟರ್ ಇಟ್ಟುಕೊಂಡಿದ್ದಾಳೆ. ಒಂದು ಬ್ಯಾಗಿನ ಜಿಪ್ಪಿಗೇ ಕಟ್ಟಿದೆ. ಇನ್ನೊಂದು ಮನೆಯಲ್ಲೇ ಇರುತ್ತೆ, ಅಪ್ಪನ ಹಾಡಿಗೆ.